ಯುರೋಪಿನಲ್ಲಿ ‘ಹಣ ತಡೆದರು’ ಎಂಬ ಸುದ್ದಿ ಓದುವುದು ಹೇಗೆ

2022ರ ಡಿಸೆಂಬರ್ 23. ಆಫೀಸಿಗೆ ಕ್ರಿಸ್ಮಸ್ ರಜೆ ಶುರುವಾಗಿತ್ತು. ಬೆಳಿಗ್ಗೆಯೇ ತಂಗಿಯ ಫೋನ್. “ಅಕ್ಕಾ, ಹಂಗೇರಿಗೆ ಬರೋ ದುಡ್ಡನ್ನೆಲ್ಲ ಐರೋಪ್ಯ ಒಕ್ಕೂಟ ನಿಲ್ಲಿಸಿಬಿಟ್ಟಿದೆಯಂತೆ. ನಿನ್ನ ಸಂಬಳದ ಗತಿ ಏನು?” ಸಂಬಳಕ್ಕೆ ಏನೂ ಆಗಲ್ಲ ಅಂತ ಸಮಾಧಾನ ಹೇಳಿದೆ. ಅವಳು ಬಿಡಲಿಲ್ಲ. “ಹೋದ ವಾರ 630 ಕೋಟಿ ಯೂರೋ ಅಂತ ಓದಿದೆ. ಇವತ್ತು 2,200 ಕೋಟಿ ಅಂತಿದ್ದಾರೆ. ಒಂದೇ ವಾರದಲ್ಲಿ ಅಷ್ಟು ಜಾಸ್ತಿ ಆಯ್ತಾ?”

ಆಗಿರಲಿಲ್ಲ. ಎರಡು ಸಂಖ್ಯೆಯೂ ಸರಿಯೇ, ಎರಡರ ಕಥೆ ಬೇರೆ ಬೇರೆ. ಅದನ್ನು ಅವಳಿಗೆ ಬಿಡಿಸಿ ಹೇಳುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ನಾನು ಹಂಗೇರಿಯ ಒಂದು ವಿಶ್ವವಿದ್ಯಾಲಯದ ಅನುದಾನ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಪ್ರಾಧ್ಯಾಪಕರು ಸಂಶೋಧನೆ ಮಾಡುತ್ತಾರೆ. ಅದಕ್ಕೆ ಬ್ರಸೆಲ್ಸ್‌ನಿಂದ, ಅಂದರೆ ಐರೋಪ್ಯ ಒಕ್ಕೂಟದಿಂದ, ಬರುವ ದುಡ್ಡಿನ ಅರ್ಜಿ, ಒಪ್ಪಂದ, ಲೆಕ್ಕ, ರಸೀದಿ ಎಲ್ಲ ನಮ್ಮ ಪಾಲಿನ ಕೆಲಸ. ಆ ವರ್ಷದ ತಡೆ ನೇರವಾಗಿ ನನ್ನ ಮೇಜಿಗೇ ಬಂದು ಕೂತಿತು. ಆಮೇಲೆ ಇಂಥ ಸುದ್ದಿ ಬಂದಾಗೆಲ್ಲ ಕೆಲವು ಪ್ರಶ್ನೆಗಳನ್ನು ಒಂದೇ ಕ್ರಮದಲ್ಲಿ ಕೇಳಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನ್ಯಾಯಾಧೀಶರು ಹೆದರಿಕೊಂಡು ತೀರ್ಪು ಕೊಡಬೇಕಾದ ಕಡೆ, ಟೆಂಡರಿಗೆ ಒಬ್ಬನೇ ಅರ್ಜಿ ಹಾಕಿ ಅವನೇ ಗೆಲ್ಲುವ ಕಡೆ, ಇಪ್ಪತ್ತೇಳು ದೇಶದ ಜನರ ತೆರಿಗೆ ದುಡ್ಡನ್ನು ಸುರಿಯಬಾರದು. ತಡೆಯಬೇಕು. ಆದರೆ ಏಟು ಯಾರ ಮೇಲೆ ಬೀಳುತ್ತೆ ಅಂತ ನೋಡಿಕೊಂಡು ತಡೆಯಬೇಕು.

ಯಾವ ಗಂಟು?

ಸುದ್ದಿಯಲ್ಲಿ ‘ಒಕ್ಕೂಟದ ಹಣ’ ಅಂತ ಇರುತ್ತೆ. ಅದು ಒಂದೇ ಗಂಟಲ್ಲ. ಹಂಗೇರಿಯ ಮಟ್ಟಿಗೆ ಮೂರನ್ನು ಬೇರೆ ಮಾಡಿಕೊಂಡರೆ ಸಾಕು.

ದೊಡ್ಡದು ಕೊಹೆಷನ್ ನಿಧಿ. ಹಿಂದುಳಿದ ಪ್ರದೇಶಗಳಲ್ಲಿ ರಸ್ತೆ, ರೈಲು, ಒಳಚರಂಡಿ, ಶಾಲೆ ಕಟ್ಟುವುದಕ್ಕೆ. 2021ರಿಂದ 2027ರವರೆಗೆ ಹಂಗೇರಿಯ ಪಾಲು ಸುಮಾರು 2,200 ಕೋಟಿ ಯೂರೋ. ಇದು ಸರ್ಕಾರದ ಕೈ ಹಾದು ಹೋಗುತ್ತೆ. ಮೊದಲು ಸರ್ಕಾರ ಖರ್ಚು ಮಾಡಬೇಕು, ಆಮೇಲೆ ಬಿಲ್ ಕಳಿಸಿದರೆ ಬ್ರಸೆಲ್ಸ್ ತುಂಬಿಕೊಡುತ್ತೆ. ಎರಡನೆಯದು ಕೋವಿಡ್ ಆದ ಮೇಲೆ ಬಂದ ಚೇತರಿಕೆ ನಿಧಿ. ಅದರಲ್ಲಿ ಹಂಗೇರಿಗೆ ಅಂತ ಎತ್ತಿಟ್ಟ ಅನುದಾನ 580 ಕೋಟಿ. ಮೂರನೆಯದು ಬ್ರಸೆಲ್ಸ್ ತಾನೇ ನಡೆಸುವ ಕಾರ್ಯಕ್ರಮಗಳು. ಸಂಶೋಧನೆಗೆ ಹೊರೈಜನ್, ವಿದ್ಯಾರ್ಥಿಗಳ ವಿನಿಮಯಕ್ಕೆ ಎರಾಸ್ಮಸ್. ಗಾತ್ರದಲ್ಲಿ ಇದು ಚಿಕ್ಕದು, ಆದರೆ ನಮ್ಮಂಥವರ ಬದುಕು ಇದರ ಮೇಲೇ ನಿಂತಿದೆ. ರೈತರ ಸಬ್ಸಿಡಿ ಇನ್ನೊಂದು ಬೇರೆ ಲೆಕ್ಕ. 2022ರ ಆದೇಶ ಅದರ ಹತ್ತಿರ ಹೋಗಲೇ ಇಲ್ಲ.

ಯಾವ ಬೀಗ?

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಒಂದೇ ಗಂಟಿಗೆ ಎರಡು ಬೀಗ ಇರಬಹುದು. ಒಂದು ತೆಗೆದರೆ ಇನ್ನೊಂದು ತೆಗೆದ ಹಾಗಾಗಲ್ಲ.

ಹಳೆಯ ಬೀಗ ಒಕ್ಕೂಟದ ಮೂಲ ಒಪ್ಪಂದದ 7ನೇ ವಿಧಿ. ಒಕ್ಕೂಟದ ಮೌಲ್ಯಗಳನ್ನು ಮುರಿಯುವ ದೇಶದ ಮೇಲೆ ಕ್ರಮ ತೆಗೆದುಕೊಳ್ಳೋಕೆ ಇರುವುದು. ಇದನ್ನು ಪೋಲೆಂಡ್ ಮೇಲೆ ಕಮಿಷನ್ (ಒಕ್ಕೂಟದ ಆಡಳಿತ ನಡೆಸುವ ಸಂಸ್ಥೆ) 2017ರ ಡಿಸೆಂಬರಿನಲ್ಲಿ ಶುರು ಮಾಡಿತು. ಹಂಗೇರಿ ಮೇಲೆ ಯುರೋಪಿಯನ್ ಪಾರ್ಲಿಮೆಂಟ್ 2018ರ ಸೆಪ್ಟೆಂಬರಿನಲ್ಲಿ. ಇದರ ಕೊನೆಯ ಶಿಕ್ಷೆ, ಎಲ್ಲ ದೇಶಗಳ ಮಂತ್ರಿಗಳು ಕೂರುವ ಕೌನ್ಸಿಲ್‌ನಲ್ಲಿ ವೋಟು ಕಿತ್ತುಕೊಳ್ಳುವುದು. ಆದರೆ ಅಲ್ಲಿಗೆ ಮುಟ್ಟಬೇಕಾದರೆ ಉಳಿದ ದೇಶಗಳೆಲ್ಲ ಒಪ್ಪಬೇಕು, ಒಂದೂ ತಪ್ಪುವ ಹಾಗಿಲ್ಲ. ಪೋಲೆಂಡ್‌ಗೆ ಹಂಗೇರಿ, ಹಂಗೇರಿಗೆ ಪೋಲೆಂಡ್ ಬೆನ್ನಿಗೆ ನಿಂತವು. ಫೈಲು ಅಲ್ಲೇ ಕೊಳೆಯಿತು. ಹಾಗಾಗಿ ಸುದ್ದಿಯಲ್ಲಿ 7ನೇ ವಿಧಿ ಅಂತ ಕಂಡರೆ ತಕ್ಷಣ ದುಡ್ಡಿನ ಲೆಕ್ಕ ಹಾಕಬೇಡಿ. ಅದು ಬೇರೆ ದಾರಿ.

ಆ ದಾರಿ ಮುಚ್ಚಿಹೋಯಿತು ಅಂತಲೇ 2020ರ ಡಿಸೆಂಬರ್ 16ರಂದು ಹೊಸ ಕಾನೂನು ಬಂತು. ಅದರ ಸಂಖ್ಯೆ 2020/2092. ಬ್ರಸೆಲ್ಸ್‌ನವರು ಷರತ್ತಿನ ನಿಯಮ ಅಂತಾರೆ. ಕಾನೂನಿನ ಆಳ್ವಿಕೆ ಮುರಿದ ದೇಶದ ದುಡ್ಡು ತಡೆಯೋಕೆ ಇದು. ಇಲ್ಲಿ ಎಲ್ಲರ ಒಪ್ಪಿಗೆ ಬೇಡ. ಹದಿನೈದು ದೇಶ, ಒಕ್ಕೂಟದ ಜನಸಂಖ್ಯೆಯಲ್ಲಿ ಶೇಕಡಾ 65 ಸೇರಿದರೆ ಸಾಕು. ಎರಡು ದೇಶ ಕೈ ಹಿಡಿದುಕೊಂಡು ತಡೆಯೋಕೆ ಆಗಲ್ಲ. ಅದಕ್ಕೇ ಹಂಗೇರಿ, ಪೋಲೆಂಡ್ ಎರಡೂ ಅದರ ವಿರುದ್ಧ ಕೋರ್ಟಿಗೆ ಹೋದವು. 2022ರ ಫೆಬ್ರವರಿ 16ರಂದು ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯ ಎರಡು ಅರ್ಜಿಯನ್ನೂ ವಜಾ ಮಾಡಿತು.

ಮೂರನೆಯ ಬೀಗ ಕೊಹೆಷನ್ ನಿಧಿಯ ನಿಯಮಗಳ ಒಳಗೇ ಇದೆ. ದುಡ್ಡು ಪಡೆಯುವ ದೇಶ ಮೂಲಭೂತ ಹಕ್ಕುಗಳ ಸನ್ನದನ್ನು ಪಾಲಿಸಬೇಕು, ಇಲ್ಲವಾದರೆ ಕಳಿಸಿದ ಬಿಲ್ ಪಾಸಾಗಲ್ಲ. ನಾಲ್ಕನೆಯದು ಚೇತರಿಕೆ ನಿಧಿಯ ಮೈಲಿಗಲ್ಲುಗಳು, ಅಂದರೆ ದುಡ್ಡು ಬರುವ ಮೊದಲು ಮಾಡಿ ಮುಗಿಸಬೇಕಾದ ಸುಧಾರಣೆಗಳು. ಹಂಗೇರಿಗೆ ಇಂಥ 27 ಇಟ್ಟರು. ‘ಸೂಪರ್ ಮೈಲಿಗಲ್ಲು’ ಅಂತ ಅವಕ್ಕೆ ಹೆಸರೇ ಬಿತ್ತು. ಇಪ್ಪತ್ತೇಳೂ ದಾಟದೆ ಕಂತು ಬಿಡುಗಡೆ ಇಲ್ಲ.

ಈಗ ತಂಗಿಯ ಪ್ರಶ್ನೆಗೆ ಬನ್ನಿ. ಡಿಸೆಂಬರ್ 15ರಂದು ಕೌನ್ಸಿಲ್ 2020ರ ಕಾನೂನಿನಡಿ ಮೂರು ಕೊಹೆಷನ್ ಕಾರ್ಯಕ್ರಮಗಳ ಶೇಕಡಾ 55ರಷ್ಟನ್ನು ತಡೆಯಿತು. ಒಂದು ಪರಿಸರ ಮತ್ತು ಇಂಧನದ್ದು, ಇನ್ನೊಂದು ಸಾರಿಗೆಯದ್ದು, ಮತ್ತೊಂದು ಊರುಗಳ ಅಭಿವೃದ್ಧಿಯದ್ದು. ಅದು ಸುಮಾರು 630 ಕೋಟಿ. ಡಿಸೆಂಬರ್ 22ರಂದು ಕಮಿಷನ್, ಹಂಗೇರಿ ಹಕ್ಕುಗಳ ಸನ್ನದಿನ ಷರತ್ತು ಪೂರೈಸಿಲ್ಲ ಅಂತ ಹೇಳಿತು. ಆ ಷರತ್ತು ಇಡೀ 2,200 ಕೋಟಿಗೆ ಅನ್ವಯ. ಅಂದರೆ 630 ಕೋಟಿ ಆ 2,200ರ ಒಳಗೇ ಇದೆ. ಎರಡನ್ನೂ ಕೂಡಿಸಿ 2,830 ಅಂತ ಬರೆದವರನ್ನು ನೋಡಿದ್ದೇನೆ. ಅದು ತಪ್ಪು ಲೆಕ್ಕ. ಮನೆಗೆ ಗೇಟಿನ ಬೀಗ ಒಂದು, ಒಳಗಿನ ಒಂದು ಕೋಣೆಗೆ ಮತ್ತೊಂದು ಬೀಗ ಅಂದುಕೊಳ್ಳಿ.

ಇವುಗಳ ಜೊತೆ ಜನ ಬೆರೆಸಿಬಿಡುವ ಇನ್ನೊಂದು ವಿಷಯ ದಂಡ. ಪೋಲೆಂಡ್ ತನ್ನ ನ್ಯಾಯಾಧೀಶರನ್ನು ಶಿಕ್ಷಿಸುವ ಪೀಠವನ್ನು ನಿಲ್ಲಿಸಲಿಲ್ಲ ಅಂತ 2021ರ ಅಕ್ಟೋಬರ್ 27ರಂದು ನ್ಯಾಯಾಲಯ ದಿನಕ್ಕೆ 10 ಲಕ್ಷ ಯೂರೋ ದಂಡ ಹಾಕಿತು. 2023ರ ಏಪ್ರಿಲ್‌ನಲ್ಲಿ ಅದನ್ನು 5 ಲಕ್ಷಕ್ಕೆ ಇಳಿಸಿತು. ಹಂಗೇರಿಗೆ 2024ರ ಜೂನ್ 13ರಂದು ಆಶ್ರಯ ಕೇಳಿ ಬರುವವರ ವಿಷಯದಲ್ಲಿ 20 ಕೋಟಿ ಯೂರೋ, ಅದರ ಮೇಲೆ ದಿನಕ್ಕೆ 10 ಲಕ್ಷ. ಕಟ್ಟದಿದ್ದರೆ ಕಮಿಷನ್ ಆ ದೇಶಕ್ಕೆ ಕೊಡಬೇಕಾದ ದುಡ್ಡಿನಲ್ಲೇ ಮುರಿದುಕೊಳ್ಳುತ್ತೆ. ಇದು ತಡೆ ಅಲ್ಲ, ಕಡಿತ. ಸರಿಪಡಿಸಿಕೊಂಡರೂ ಮುರಿದದ್ದು ವಾಪಸ್ ಬರಲ್ಲ.

ತಪ್ಪಿಗೂ ದುಡ್ಡಿಗೂ ನಡುವಿನ ದಾರ

2020ರ ಕಾನೂನನ್ನು ಓದುವಾಗ ನನಗೆ ಹಿಡಿಸಿದ ವಿಷಯ ಇದು. ಒಂದು ದೇಶ ತಪ್ಪು ಮಾಡಿದೆ ಅಂತ ತೋರಿಸಿದರೆ ಸಾಲದು. ಆ ತಪ್ಪಿನಿಂದ ಒಕ್ಕೂಟದ ಬಜೆಟ್ಟಿಗೆ ಸಾಕಷ್ಟು ನೇರವಾದ ಪೆಟ್ಟು ಬೀಳುತ್ತಿದೆ, ಅಥವಾ ಬೀಳುವ ಗಂಭೀರ ಅಪಾಯ ಇದೆ ಅಂತಲೂ ತೋರಿಸಬೇಕು. ಒಂದು ಸರ್ಕಾರದ ರಾಜಕೀಯ ಇಷ್ಟ ಇಲ್ಲ ಅಂತ ದುಡ್ಡು ನಿಲ್ಲಿಸುವ ಹಾಗಿಲ್ಲ. ನ್ಯಾಯಾಲಯವೂ ಇದನ್ನೇ ಒತ್ತಿ ಹೇಳಿತು: ಈ ಕಾನೂನು ಇರುವುದು ಬಜೆಟ್ಟನ್ನು ಕಾಯುವುದಕ್ಕೆ.

ಹಾಗಾಗಿ ಸುದ್ದಿ ಓದುವಾಗ ಆ ದಾರವನ್ನು ಹುಡುಕಿ. ಹಂಗೇರಿಯ ವಿಷಯದಲ್ಲಿ ಅದು ಹೀಗಿತ್ತು. ಸರ್ಕಾರಿ ಖರೀದಿಯಲ್ಲಿ ಒಬ್ಬನೇ ಅರ್ಜಿ ಹಾಕಿದ ಟೆಂಡರುಗಳು ತುಂಬಾ ಜಾಸ್ತಿ. ಹಿತಾಸಕ್ತಿಯ ತಿಕ್ಕಾಟ ನೋಡುವವರಿಲ್ಲ. ಭ್ರಷ್ಟಾಚಾರದ ದೂರನ್ನು ಪ್ರಾಸಿಕ್ಯೂಟರ್ ಕೈಬಿಟ್ಟರೆ ಮುಂದೆ ದಾರಿಯಿಲ್ಲ. ಒಕ್ಕೂಟದ ದುಡ್ಡಿನ ವಂಚನೆಯನ್ನು ತನಿಖೆ ಮಾಡುವ ಯುರೋಪಿಯನ್ ಪಬ್ಲಿಕ್ ಪ್ರಾಸಿಕ್ಯೂಟರ್ ಕಚೇರಿಗೆ ಹಂಗೇರಿ ಸೇರಿರಲಿಲ್ಲ. ಹಾಗಾಗಿ ಆ ಬಾಗಿಲೂ ಮುಚ್ಚಿತ್ತು. ಇಲ್ಲಿ ಪ್ರತಿಯೊಂದೂ ದುಡ್ಡಿನ ಹತ್ತಿರ ಬಂದು ನಿಲ್ಲುತ್ತೆ, ಅಲ್ವಾ?

ಇನ್ನೊಂದು ದಾರ ನಮ್ಮ ಕಟ್ಟಡದ ಒಳಗೇ ಬಂತು. 2021ರ ಒಂದು ಕಾನೂನಿನಿಂದ ಹಂಗೇರಿ ತನ್ನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ಸಾರ್ವಜನಿಕ ಹಿತದ ಟ್ರಸ್ಟುಗಳ ಕೈಗೆ ಕೊಟ್ಟಿತು. ಹಂಗೇರಿಯನ್ ಭಾಷೆಯ ಉದ್ದ ಹೆಸರನ್ನು ಚಿಕ್ಕದು ಮಾಡಿ ಎಲ್ಲರೂ ‘ಕೆಕ್ವಾ’ ಅಂತಾರೆ. ಈ ಕೆಕ್ವಾಗಳ ಮಂಡಳಿಯಲ್ಲಿ ಅಧಿಕಾರದಲ್ಲಿದ್ದ ಮಂತ್ರಿಗಳೇ ಟ್ರಸ್ಟಿಗಳಾಗಿ ಕೂತರು. ಟ್ರಸ್ಟಿತನಕ್ಕೆ ಅವಧಿಯ ಮಿತಿಯೂ ಇರಲಿಲ್ಲ. ದುಡ್ಡು ಹಂಚುವ ಕಡೆ ಕೂರುವವರು ಒಬ್ಬರೇ, ಪಡೆಯುವ ಕಡೆ ಕೂರುವವರೂ ಅವರೇ. ಇದರಲ್ಲಿ ತಪ್ಪು ಕಾಣದವರು ಯಾರಾದರೂ ಇದ್ದರೆ, ಒಂದು ದಿನ ನನ್ನ ಕುರ್ಚಿಯಲ್ಲಿ ಕೂತು ಆ ಸಹಿಗಳನ್ನು ನೋಡಬೇಕು.

ಫೈಲ್ ಯಾವ ಮೇಜಿನ ಮೇಲಿದೆ?

ಈ ಕಾನೂನಿನಲ್ಲಿ ‘ತಡೆಯಲು ಕಮಿಷನ್ ನಿರ್ಧಾರ’ ಅಂತ ಶೀರ್ಷಿಕೆ ಬಂದ ದಿನ ಒಂದು ರೂಪಾಯಿಯೂ ನಿಂತಿರುವುದಿಲ್ಲ. 2020ರ ಕಾನೂನಿನಡಿ ಕಮಿಷನ್ ಕೆಲಸ ಪ್ರಸ್ತಾವ ಇಡುವುದು. ತಡೆಯುವುದು ಕೌನ್ಸಿಲ್. ನಡುವೆ ತಿಂಗಳುಗಟ್ಟಲೆ ಕಾಗದ ಓಡಾಡುತ್ತೆ.

ಹಂಗೇರಿಯ ಕಾಗದ ಓಡಾಡಿದ್ದನ್ನೇ ನೋಡಿ. 2022ರ ಏಪ್ರಿಲ್ 3ರಂದು ಚುನಾವಣೆ. ಎರಡು ದಿನ ಬಿಟ್ಟು ಕಮಿಷನ್ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯನ್ ಕ್ರಮ ಶುರು ಮಾಡುವ ಮಾತು ಹೇಳಿದರು. ಏಪ್ರಿಲ್ 27ಕ್ಕೆ ನೋಟಿಸ್ ಹೋಯಿತು. ಉತ್ತರ ಕೊಡೋಕೆ ದೇಶಕ್ಕೆ ಒಂದರಿಂದ ಮೂರು ತಿಂಗಳು. ಆಮೇಲೆ ‘ಇಷ್ಟು ತಡೆಯಬೇಕು ಅಂತಿದ್ದೇವೆ’ ಅಂತ ಕಮಿಷನ್ ಹೇಳಿದಾಗ, ಅದು ಅತಿಯಾಯಿತು ಅಂತ ವಾದ ಮಾಡೋಕೆ ಇನ್ನೊಂದು ತಿಂಗಳು. ಸೆಪ್ಟೆಂಬರ್ 18ರಂದು ಪ್ರಸ್ತಾವ ಬಂತು: ಮೂರು ಕಾರ್ಯಕ್ರಮಗಳ ಶೇಕಡಾ 65, ಸುಮಾರು 750 ಕೋಟಿ. ಅಷ್ಟು ಹೊತ್ತಿಗೆ ಹಂಗೇರಿ 17 ಸುಧಾರಣೆ ಮಾಡುತ್ತೇವೆ ಅಂತ ಮಾತು ಕೊಟ್ಟಿತ್ತು. ಕೌನ್ಸಿಲ್‌ಗೆ ತೀರ್ಮಾನ ಮಾಡೋಕೆ ಒಂದು ತಿಂಗಳು, ತೀರಾ ಬೇಕಾದರೆ ಇನ್ನೆರಡು ತಿಂಗಳು. ಅದು ಹೆಚ್ಚುಕಮ್ಮಿ ಪೂರಾ ಬಳಸಿಕೊಂಡಿತು. ಡಿಸೆಂಬರ್ 19 ಕೊನೆಯ ದಿನ ಆಗಿತ್ತು. ನವೆಂಬರ್ 30ರಂದು ಕಮಿಷನ್ ‘ಮಾಡಿದ್ದು ಸಾಲದು’ ಅಂತ ಹೇಳಿತು. ಡಿಸೆಂಬರ್ 15ಕ್ಕೆ ಆದೇಶ.

ಶೇಕಡಾ 65 ಹೋಗಿ 55 ಆಗಿದ್ದು ಗಮನಿಸಿದಿರಾ? ಹಂಗೇರಿ ಕೆಲವು ಸುಧಾರಣೆ ಮಾಡಿದೆ, ಅದಕ್ಕೆ ಇಳಿಸಿದೆವು ಅಂತ ಕೌನ್ಸಿಲ್ ಹೇಳಿತು. ಅದರಲ್ಲಿ ಸತ್ಯ ಇದೆ. ಆದರೆ ಅದೇ ವಾರ, ಅದೇ ಮಾತುಕತೆಯಲ್ಲಿ, ಉಕ್ರೇನಿಗೆ ಕೊಡಬೇಕಿದ್ದ 1,800 ಕೋಟಿ ಯೂರೋ ಸಾಲಕ್ಕೂ ದೊಡ್ಡ ಕಂಪನಿಗಳ ಕನಿಷ್ಠ ತೆರಿಗೆಗೂ ಹಂಗೇರಿ ತನ್ನ ಅಡ್ಡಿ ತೆಗೆಯಿತು. ಹಂಗೇರಿಯ ಚೇತರಿಕೆ ಯೋಜನೆಗೂ ಒಪ್ಪಿಗೆ ಸಿಕ್ಕಿತು. ದುಡ್ಡು ತಡೆಯೋಕೆ ಎಲ್ಲರ ಒಪ್ಪಿಗೆ ಬೇಡ, ಸರಿ. ಆದರೆ ಒಕ್ಕೂಟದ ಬೇರೆ ಎಷ್ಟೋ ಕೆಲಸಕ್ಕೆ ಎಲ್ಲರ ಒಪ್ಪಿಗೆ ಬೇಕೇ ಬೇಕು. ಆ ಸಂದಿಯಲ್ಲಿ ಚೌಕಾಸಿ ನುಸುಳುತ್ತೆ. ಸುದ್ದಿಯಲ್ಲಿ ತಡೆಯ ಪ್ರಮಾಣ ಬದಲಾದರೆ, ಅದೇ ವಾರ ಇನ್ನೇನು ತೀರ್ಮಾನ ಆಯಿತು ಅಂತ ಪಕ್ಕದ ಪುಟ ನೋಡಿ.

ತಡೆದದ್ದೋ, ಕಳೆದದ್ದೋ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಒಕ್ಕೂಟದ ಬಜೆಟ್‌ನಲ್ಲಿ ‘ಕೊಡುತ್ತೇವೆ’ ಅಂತ ಮಾತು ಬರೆದಿಡುವುದು ಬೇರೆ, ದುಡ್ಡು ಕೈಗೆ ಬರುವುದು ಬೇರೆ. 2022ರಲ್ಲಿ ತಡೆದದ್ದು ಮೊದಲನೆಯದನ್ನು, ಅಂದರೆ ಮಾತನ್ನು. ಆ ಮಾತಿಗೆ ಆಯುಸ್ಸು ಇದೆ. ಒಂದು ವರ್ಷದ ಪಾಲನ್ನು ಅದರ ಮುಂದಿನ ಎರಡು ವರ್ಷ ಮುಗಿಯೋದರೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಬಜೆಟ್‌ನಿಂದಲೇ ಬಿದ್ದುಹೋಗುತ್ತೆ. ಹಂಗೇರಿಯ 2022ರ ಪಾಲು ಹೀಗೇ ಹೋಯಿತು. 2024ರ ಡಿಸೆಂಬರ್ 31ರ ರಾತ್ರಿ ಸುಮಾರು 104 ಕೋಟಿ ಯೂರೋ ಹಂಗೇರಿಯ ಕೈ ತಪ್ಪಿತು. ಆಮೇಲೆ ಎಷ್ಟೇ ಸುಧಾರಿಸಿಕೊಂಡರೂ ಆ ದುಡ್ಡು ಬರಲ್ಲ.

ಹಾಗಾಗಿ ಈ ವಿಷಯ ಹಿಂಬಾಲಿಸುವವರು ಪ್ರತಿ ವರ್ಷದ ಡಿಸೆಂಬರ್ 31ನ್ನು ಗುರುತು ಹಾಕಿಕೊಳ್ಳಿ. ಚೇತರಿಕೆ ನಿಧಿಗೆ ಬೇರೆ ಗಡುವು: ಮೈಲಿಗಲ್ಲು ದಾಟುವುದಕ್ಕೆ 2026ರ ಆಗಸ್ಟ್ 31, ಪಾವತಿಗೆ ಅದೇ ವರ್ಷದ ಕೊನೆಯ ದಿನ. ನಿಜವಾದ ಒತ್ತಡ ಇರುವುದು ಈ ತಾರೀಖುಗಳಲ್ಲಿ. ಭಾಷಣಕ್ಕೆ ಯಾವ ಸರ್ಕಾರವೂ ಹೆದರಲ್ಲ, ಕ್ಯಾಲೆಂಡರಿಗೆ ಹೆದರುತ್ತೆ.

ಬೀಗ ತೆಗೆದ ದಿನ

ಹಾಕುವಾಗ ನೋಡಿದಷ್ಟೇ ಗಮನದಿಂದ ತೆಗೆಯುವಾಗಲೂ ನೋಡಬೇಕು. ನಾನು ಕೇಳುವುದು ಒಂದೇ: ಕಾನೂನು ಬದಲಾಯಿತಾ, ಇಲ್ಲ ಬದಲಾಯಿಸುತ್ತೇವೆ ಅಂತ ಮಾತು ಕೊಟ್ಟರಾ?

2023ರ ಡಿಸೆಂಬರ್ 13ರಂದು ಕಮಿಷನ್ ಹಂಗೇರಿಯ ಕೊಹೆಷನ್ ನಿಧಿಯಲ್ಲಿ ಸುಮಾರು 1,020 ಕೋಟಿಯ ಬೀಗ ತೆಗೆಯಿತು. ನ್ಯಾಯಾಂಗದ ಕಾನೂನನ್ನು ಹಂಗೇರಿ ಆ ವರ್ಷ ತಿದ್ದಿತ್ತು. ನ್ಯಾಯಾಧೀಶರ ಮಂಡಳಿಗೆ ಹೆಚ್ಚು ಅಧಿಕಾರ ಕೊಟ್ಟಿತ್ತು. ಷರತ್ತು ಪೂರೈಸಿದೆ, ಅಷ್ಟೇ ಅಂತ ಕಮಿಷನ್ ಹೇಳಿತು. ಆದರೆ ಮರುದಿನವೇ ನಾಯಕರ ಸಭೆ. ಉಕ್ರೇನ್ ಜೊತೆ ಸೇರ್ಪಡೆಯ ಮಾತುಕತೆ ಶುರು ಮಾಡುವ ತೀರ್ಮಾನ ಬಂದಾಗ ಹಂಗೇರಿಯ ಆಗಿನ ಪ್ರಧಾನಿ ವಿಕ್ಟರ್ ಓರ್ಬಾನ್ ಕೋಣೆಯಿಂದ ಎದ್ದು ಹೊರಗೆ ಹೋದರು, ಉಳಿದವರು ಒಪ್ಪಿಗೆ ಕೊಟ್ಟರು. ಹಿಂದಿನ ದಿನದ ಬೀಗಕ್ಕೂ ಇದಕ್ಕೂ ಸಂಬಂಧ ಇದೆಯಾ ಅನ್ನೋ ಅನುಮಾನ ಎದ್ದಿತು. 2024ರ ಮಾರ್ಚ್‌ನಲ್ಲಿ ಯುರೋಪಿಯನ್ ಪಾರ್ಲಿಮೆಂಟೇ ಕಮಿಷನ್ ವಿರುದ್ಧ ಕೋರ್ಟಿಗೆ ಹೋಯಿತು. ಅವತ್ತು ಕೂಡ ಒಳಗಿನ ಕೋಣೆಯ ಬೀಗ, ಅಂದರೆ 630 ಕೋಟಿಯದ್ದು, ಹಾಗೇ ಇತ್ತು. ಮಕ್ಕಳ ರಕ್ಷಣೆಯ ಕಾನೂನು, ಬೋಧನೆಯ ಸ್ವಾತಂತ್ರ್ಯ, ಆಶ್ರಯ ಕೇಳುವವರ ಹಕ್ಕು ಇವುಗಳಿಗೆ ಸೇರಿದ ಪಾಲೂ ಬಿಡುಗಡೆ ಆಗಲಿಲ್ಲ.

ಪೋಲೆಂಡ್‌ನದು ಇನ್ನೊಂದು ಥರ. ಅದರ ದುಡ್ಡೂ ತಡೆಯಲ್ಲಿತ್ತು. 2023ರ ಡಿಸೆಂಬರಿನಲ್ಲಿ ಡೊನಾಲ್ಡ್ ಟುಸ್ಕ್ ಸರ್ಕಾರ ಬಂತು. ಫೆಬ್ರವರಿಯಲ್ಲಿ ನ್ಯಾಯಮಂತ್ರಿ ಆಡಮ್ ಬೋದ್ನಾರ್ ಸುಧಾರಣೆಯ ಯೋಜನೆ ಮುಂದಿಟ್ಟರು. ಫೆಬ್ರವರಿ 29ಕ್ಕೆ ಕಮಿಷನ್ ದಾರಿ ಬಿಟ್ಟಿತು. ಕೊಹೆಷನ್, ಚೇತರಿಕೆ ಎರಡೂ ಸೇರಿ 13,700 ಕೋಟಿ ಯೂರೋವರೆಗೆ. ಮೇ ತಿಂಗಳಲ್ಲಿ 7ನೇ ವಿಧಿಯ ಫೈಲನ್ನೂ ಮುಚ್ಚಿತು. ಪೋಲೆಂಡ್‌ನ ಹೊಸ ಸರ್ಕಾರದ ಉದ್ದೇಶದ ಬಗ್ಗೆ ನನಗೆ ಅನುಮಾನ ಇಲ್ಲ. ಅಲ್ಲಿಯ ನ್ಯಾಯಾಧೀಶರು ಪಟ್ಟ ಪಾಡು ನೋಡಿದವರಿಗೆ ಆ ದಿನ ಸಂತೋಷ ಆಗಿದ್ದೂ ಸಹಜ. ಆದರೆ ಆಗ ಮುಖ್ಯವಾದ ಕಾನೂನುಗಳು ಇನ್ನೂ ಬದಲಾಗಿರಲಿಲ್ಲ. ಪೋಲೆಂಡ್ ಅಧ್ಯಕ್ಷರ ಸಹಿ ಇಲ್ಲದೆ ಬದಲಾಗುವ ಹಾಗೂ ಇರಲಿಲ್ಲ. ಯೋಜನೆಯನ್ನೇ ಕಾನೂನು ಅಂತ ಲೆಕ್ಕ ಹಿಡಿಯುವುದಾದರೆ ಎಲ್ಲ ದೇಶಕ್ಕೂ ಹಾಗೇ ಹಿಡಿಯಬೇಕಾಗುತ್ತೆ. ನನ್ನ ಪ್ರಕಾರ ಅದು ಅವಸರದ ಕೆಲಸ. ಕಂತು ಕಂತಾಗಿ, ಒಂದೊಂದು ಕಾನೂನಿಗೆ ಒಂದೊಂದು ಕಂತು ಅಂತ ಕೊಡಬೇಕಿತ್ತು.

ನಮ್ಮ ಕೆಕ್ವಾ ವಿಷಯದಲ್ಲಿ ಕಮಿಷನ್ ಅಷ್ಟು ಸಡಿಲ ಬಿಡಲಿಲ್ಲ. 2023ರ ಶುರುವಿನಲ್ಲಿ ಮಂತ್ರಿಗಳು ಮಂಡಳಿಗಳಿಗೆ ರಾಜೀನಾಮೆ ಕೊಟ್ಟರು. ನಮ್ಮ ಆಫೀಸಿನಲ್ಲಿ ಅವತ್ತು ಎಲ್ಲರ ಮುಖ ಅರಳಿತ್ತು. ಇನ್ನೇನು ಮುಗಿಯಿತು ಅಂದುಕೊಂಡೆವು. ಆದರೆ ಜನ ಎದ್ದು ಹೋಗಿದ್ದರೇ ಹೊರತು ಕುರ್ಚಿಯ ನಿಯಮ ಬದಲಾಗಿರಲಿಲ್ಲ. ನಾಳೆ ಅದೇ ಜನ ಬಂದು ಕೂರಬಹುದಿತ್ತು. ಹಂಗೇರಿ ಕಾನೂನು ತಿದ್ದಿ ಕಳಿಸಿದ ಮೇಲೂ 2024ರ ಡಿಸೆಂಬರ್ 16ರಂದು ಕಮಿಷನ್ ‘ಸಾಲದು’ ಅಂತ ಉತ್ತರ ಬರೆಯಿತು. ಆ ಉತ್ತರ ಓದಿ ನನಗೆ ಬೇಜಾರಾಯಿತು. ಎರಡನೇ ಸಲ ಓದಿದಾಗ ಅವರು ಹೇಳಿದ್ದು ಸರಿ ಅನ್ನಿಸಿತು.

ಏಟು ಯಾರಿಗೆ ಬಿತ್ತು?

ಡಿಸೆಂಬರ್ 15ರ ಆ ಆದೇಶದ ಸಂಖ್ಯೆ 2022/2506. ಯಾರಾದರೂ ಓದಬೇಕು ಅಂದರೆ ಪೀಠಿಕೆ ಬಿಟ್ಟು ನೇರ ಎರಡನೇ ವಿಧಿಗೆ ಹೋಗಿ. ಮೊದಲ ಭಾಗದಲ್ಲಿ ಶೇಕಡಾ 55ರ ಮಾತಿದೆ. ಎರಡನೇ ಭಾಗದಲ್ಲಿ ಇರುವುದು ಇಷ್ಟು: ಕೆಕ್ವಾಗಳ ಜೊತೆ, ಅವು ನಡೆಸುವ ಸಂಸ್ಥೆಗಳ ಜೊತೆ ಹೊಸ ಒಪ್ಪಂದ ಮಾಡಿಕೊಳ್ಳಬಾರದು. ಪತ್ರಿಕೆಗಳೆಲ್ಲ ಮೊದಲ ಭಾಗ ಬರೆದವು. ನಮ್ಮ ಜೀವನ ಬದಲಾಗಿದ್ದು ಎರಡನೇ ಭಾಗದಿಂದ.

ಹಳೆಯ ಒಪ್ಪಂದಗಳಿಗೆ ಏನೂ ಆಗಲಿಲ್ಲ. ಸಹಿ ಹಾಕಿದ ದಿನವೇ ಎಲ್ಲವನ್ನೂ ತೀರ್ಮಾನ ಮಾಡಿತು. ನಮ್ಮಲ್ಲಿ ಒಂದು ಪ್ರಾಜೆಕ್ಟಿಗೆ ನವೆಂಬರಿನಲ್ಲಿ ಸಹಿ ಆಗಿತ್ತು. ಅದು ಸರಾಗವಾಗಿ ನಡೆಯಿತು. ಅದೇ ಮಹಡಿಯಲ್ಲಿ, ಎರಡು ಬಾಗಿಲು ಆಚೆ ಇನ್ನೊಂದು ತಂಡ ಇತ್ತು. ನದಿ ದಡದ ಮಣ್ಣು ಬರಗಾಲದಲ್ಲಿ ನೀರನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತೆ ಅನ್ನುವುದು ಅವರ ಕೆಲಸ. ಏಳು ದೇಶ ಸೇರಿ ಹಾಕಿದ ಅರ್ಜಿ ಗೆದ್ದಿತ್ತು. ಸಹಿ ಜನವರಿಗೆ ಅಂತ ಇತ್ತು. ಮಣ್ಣಿನಲ್ಲಿ ಹೂಳುವ ಸೆನ್ಸರುಗಳಿಗೆ ಆಗಲೇ ಕೊಟೇಶನ್ ತರಿಸಿದ್ದೆ. ಮೂರು ವರ್ಷದ ಕೆಲಸಕ್ಕೆ ಒಬ್ಬ ಹುಡುಗಿಯನ್ನು ಆಯ್ಕೆ ಮಾಡಿದ್ದರು.

ಜನವರಿ ಎರಡನೇ ವಾರ ಕಾಗದ ಬಂತು. ಕೆಕ್ವಾ ಸಂಸ್ಥೆಯನ್ನು ತೆಗೆಯಿರಿ, ಇಲ್ಲವೇ ಬದಲಾಯಿಸಿ, ಇಲ್ಲವೇ ದುಡ್ಡಿಲ್ಲದ ಸಹಭಾಗಿ ಮಾಡಿ. ಬ್ರಸೆಲ್ಸ್ ಕೊಟ್ಟ ಆಯ್ಕೆಗಳು ಅಷ್ಟೇ. ಯೋಜನೆಯನ್ನು ಮುನ್ನಡೆಸುತ್ತಿದ್ದ ಸಂಸ್ಥೆ ಎರಡು ಸಾಲಿನ ಮೇಲ್‌ನಲ್ಲಿ ನಮ್ಮ ಪಾಲಿನ ಕೆಲಸವನ್ನು ಬೇರೆಯವರಿಗೆ ಹಂಚಿ ಮುಗಿಸಿತ್ತು. ಆ ಹುಡುಗಿ ನನ್ನ ಮೇಜಿನ ಮುಂದೆ ಕೂತು ಆ ಎರಡು ಸಾಲನ್ನು ಮತ್ತೆ ಮತ್ತೆ ಓದಿದಳು. “ನಾನು ಯಾವ ಮಂಡಳಿಯಲ್ಲೂ ಇಲ್ಲವಲ್ಲ” ಅಂದಳು. ಬೇಸಿಗೆಗೆ ಬೇರೆ ದೇಶಕ್ಕೆ ಹೋದಳು. ಸೆನ್ಸರುಗಳ ಕೊಟೇಶನ್ ಇನ್ನೂ ನನ್ನ ಡ್ರಾಯರಿನಲ್ಲಿದೆ.

ಕಾನೂನಿನಲ್ಲಿ ಇದಕ್ಕೆ ರಕ್ಷಣೆ ಇಲ್ಲವಾ ಅಂತ ನೀವು ಕೇಳಬಹುದು. ಇದೆ, ಆದರೆ ಅರ್ಧ. 2020ರ ಕಾನೂನಿನ 5ನೇ ವಿಧಿ ಪ್ರಕಾರ, ದುಡ್ಡು ತಡೆದರೂ ಕೊನೆಯಲ್ಲಿ ಪಡೆಯಬೇಕಾದವರಿಗೆ ಸರ್ಕಾರ ತನ್ನ ಕೈಯಿಂದ ಕೊಡಲೇಬೇಕು. ಕೊಡದಿದ್ದರೆ ಅವರು ಕಮಿಷನ್‌ಗೆ ತಿಳಿಸಬಹುದು. ಒಳಚರಂಡಿ ಕಟ್ಟುವ ಪುರಸಭೆಗೆ ಇದು ಆಸರೆ. ಆದರೆ ಈ ರಕ್ಷಣೆ ಕೆಲಸ ಮಾಡುವುದು ದುಡ್ಡು ಸರ್ಕಾರದ ಕೈ ಹಾದು ಹೋಗುವ ಕಡೆ. ಬ್ರಸೆಲ್ಸೇ ನೇರವಾಗಿ ಕೊಡುವ ಕಡೆ, ಅದು ನಿಲ್ಲಿಸಿದರೆ ಹಿಂದೆ ನಿಲ್ಲುವವರು ಯಾರೂ ಇಲ್ಲ. ಇದನ್ನು ಕಾನೂನು ಬರೆದವರು ತಿದ್ದಲೇಬೇಕು ಅಂತ ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ಟ್ರಸ್ಟಿನ ಖಾತೆಗೆ ಹಾಕಬೇಡಿ, ಸರಿ. ಸಂಶೋಧಕಿಯ ಹೆಸರಿಗೆ, ವಿದ್ಯಾರ್ಥಿಯ ಹೆಸರಿಗೆ ಕೊಡೋಕೆ ಒಂದು ದಾರಿ ಮಾಡಿ.

ವಿದ್ಯಾರ್ಥಿಗಳಿಗೆ ಬಿಸಿ ತಟ್ಟಿದ್ದು ಸ್ವಲ್ಪ ತಡವಾಗಿ. ಎರಾಸ್ಮಸ್‌ನ ಹಳೆಯ ಒಪ್ಪಂದಗಳು ಮುಗಿಯುತ್ತಾ ಬಂದ ಹಾಗೆ, 2024ರ ಶೈಕ್ಷಣಿಕ ವರ್ಷದಿಂದ. ಹಂಗೇರಿ ಸರ್ಕಾರ ಅದರ ಬದಲಿಗೆ ಪನ್ನೋನಿಯಾ ಅನ್ನುವ ತನ್ನದೇ ವಿದ್ಯಾರ್ಥಿವೇತನ ತಂದಿತು. ಬುಡಾಪೆಸ್ಟ್‌ನ ಎಲ್ತೆ ವಿಶ್ವವಿದ್ಯಾಲಯ ಸರ್ಕಾರದ ಕೈಯಲ್ಲೇ ಉಳಿದಿದ್ದರಿಂದ ಅಲ್ಲಿಯ ಮಕ್ಕಳು ಎರಾಸ್ಮಸ್‌ನಲ್ಲೇ ಮುಂದುವರಿದರು. ಒಂದೇ ದೇಶ, ಒಂದೇ ವಯಸ್ಸಿನ ಮಕ್ಕಳು.

ಕೊನೆಯದಾಗಿ, ಇದನ್ನು ಓದುವವರಲ್ಲಿ ಯುರೋಪಿನ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಪ್ರಾಜೆಕ್ಟ್ ನಡೆಸುವವರು ಇದ್ದರೆ ಅವರಿಗೆ ಒಂದು ಮಾತು. ನಿಮ್ಮ ಗುಂಪಿನಲ್ಲಿ ಇಂಥ ತಡೆ ಬಿದ್ದ ಸಂಸ್ಥೆ ಇದ್ದರೆ, ಮೊದಲು ಒಪ್ಪಂದಕ್ಕೆ ಸಹಿ ಬಿದ್ದ ತಾರೀಖು ನೋಡಿ. ಆದೇಶಕ್ಕಿಂತ ಹಿಂದಿನದಾದರೆ ಏನೂ ಮುಟ್ಟಬೇಡಿ. ಆಮೇಲಿನದಾದರೆ ದುಡ್ಡಿಲ್ಲದ ಸಹಭಾಗಿಯ ಜಾಗ ಇದೆ. ಹೆಸರು, ಕೆಲಸ, ಪ್ರಬಂಧದಲ್ಲಿ ಪಾಲು ಎಲ್ಲ ಉಳಿಯುತ್ತೆ. ಖರ್ಚಿಗೆ ಅವರು ದೇಶದೊಳಗೆ ಬೇರೆ ಅನುದಾನ ಹುಡುಕಿಕೊಳ್ಳಬಹುದು. ಅದಕ್ಕೆ ಒಂದೆರಡು ತಿಂಗಳು ಬೇಕು, ಆ ಸಮಯ ಕೊಡಿ. ಮತ್ತೆ, ಅವರ ಪಾಲಿನ ಕೆಲಸ ಬೇರೆಯವರಿಗೆ ಹಂಚುವ ಮೊದಲು ಒಂದು ಫೋನ್ ಮಾಡಿ. ನಮಗೆ ಯಾರೂ ಮಾಡಲಿಲ್ಲ.